ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರುಗಳು: ಹೋಲಿಸಿ ನೋಡುವ ಕ್ರಮ



ಕೆಲವು ತಿಂಗಳುಗಳಿಂದ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ವಿಚಾರ, ಧಾರಣೆಯ ವಿಚಾರ ಮುಗಿದ ಮೇಲೆ ಇನ್ನೊಂದು ಮಾತು ಎತ್ತುತ್ತಿದ್ದಾರೆ. "ಸೆಕ್ರೆಟರಿಯವರೇ, ಹಳೇ ಕಂಪ್ಯೂಟರಿನ ದಪ್ಪ ಮಾನಿಟರ್ ಅಟ್ಟದ ಮೇಲೆ ಬಿದ್ದಿದೆ. ಗುಜರಿಯವನು ಕೇಳುತ್ತಿದ್ದಾನೆ, ಕೊಟ್ಟುಬಿಡಲೇ?" ಎಂಬುದು ಒಬ್ಬರ ಪ್ರಶ್ನೆ. "ಪೇಟೆಯಲ್ಲಿ ಹಳೇ ಸೆಟ್ಟು ಅಗ್ಗಕ್ಕೆ ಸಿಗುತ್ತದೆ, ತೋಟದ ಲೆಕ್ಕ ಬರೆಯಲು ತರಬಹುದೇ?" ಎಂಬುದು ಇನ್ನೊಬ್ಬರದು. "ಬೆಂಗಳೂರಿನಲ್ಲಿರುವ ಮಗ ಅದನ್ನು ಎಸೆಯಬೇಡಿ, ಅದಕ್ಕೂ ಗಿರಾಕಿ ಇದ್ದಾರೆ ಎನ್ನುತ್ತಾನೆ, ನಿಜವೇ?" ಎಂಬುದು ಮೂರನೆಯವರದು.

ಈ ಮೂರು ಪ್ರಶ್ನೆಗಳಿಗೂ ಉತ್ತರ ಹೇಳಬೇಕಾದರೆ ಮೊದಲು ಒಂದು ಮಾನಿಟರಿಗೂ ಇನ್ನೊಂದಕ್ಕೂ ವ್ಯತ್ಯಾಸವೇನು ಎಂಬುದು ತಿಳಿದಿರಬೇಕು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಬಗೆಯ ಬೂದು ಬಣ್ಣದ ಪೆಟ್ಟಿಗೆಗಳು. ಆದರೆ ಕಣದಲ್ಲಿ ಒಣಗಿದ ಕಾಫಿ ಎಲ್ಲವೂ ಹೇಗೆ ಒಂದೇ ದರ್ಜೆಯದಲ್ಲವೋ ಹಾಗೆಯೇ ಇವೂ ಒಂದೇ ದರ್ಜೆಯವಲ್ಲ. 1990ರ ದಶಕದ ನಡುವಿನಿಂದ 2000ರ ದಶಕದ ಕೊನೆಯವರೆಗೆ ಅಗ್ಗದ ಮಾನಿಟರುಗಳನ್ನು ಯಾವ ಅಳತೆಗಳಿಂದ ಹೋಲಿಸುತ್ತಿದ್ದರು, ಇಂದು ಹಳೆಯದೊಂದು ಎದುರಿಗೆ ಬಂದರೆ ಅದನ್ನು ಹೇಗೆ ಪರೀಕ್ಷಿಸಬೇಕು, ಕೆಟ್ಟದ್ದನ್ನು ಏನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ. ಕೊನೆಯ ಭಾಗವನ್ನಂತೂ ಮನೆಯಲ್ಲಿ ಮಕ್ಕಳಿರುವವರು ತಪ್ಪದೆ ಓದಬೇಕೆಂದು ಕೋರಿಕೆ.

ಒಳಗೆ ಏನಿದೆ?

ಜರ್ಮನಿಯ ಭೌತವಿಜ್ಞಾನಿ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕ್ಯಾಥೋಡ್ ರೇ ಟ್ಯೂಬ್ ಎಂಬ ಸಾಧನವೇ ಟಿವಿಗೂ ಕಂಪ್ಯೂಟರ್ ಮಾನಿಟರಿಗೂ ಮೂಲ. ಅದರ ಮೂರಕ್ಷರದ ಹೆಸರೇ ಸಿಆರ್‌ಟಿ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಒಂದು ಕಾಲದಲ್ಲಿ ಕಪ್ಪು-ಬಿಳುಪು ಟಿವಿಗಳಿಗೆ ಇಂಥ ಟ್ಯೂಬುಗಳನ್ನು ತಯಾರಿಸುತ್ತಿತ್ತು.

ಇದು ಗಾಳಿಯನ್ನೆಲ್ಲ ಹೊರತೆಗೆದು ಮುಚ್ಚಿದ ದಪ್ಪ ಗಾಜಿನ ಒಂದು ದೊಡ್ಡ ಬುರುಡೆ. ಮುಂದೆ ಅಗಲವಾದ ಪರದೆ, ನಡುವೆ ಆಲಿಕೆಯಂತೆ ಕಿರಿದಾಗುವ ಭಾಗ, ಹಿಂದೆ ಸಣ್ಣ ಕತ್ತು. ಕತ್ತಿನೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಬಣ್ಣದ ಟ್ಯೂಬಿನಲ್ಲಿ ಅವುಗಳ ಧಾರೆ ಮೂರು: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಸುಮಾರು 25,000 ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಅವು ಪರದೆಯ ಕಡೆಗೆ ಧಾವಿಸಿ, ಪರದೆಯ ಒಳಮೈಗೆ ಬಳಿದಿರುವ ಪುಡಿಗೆ ಬಡಿದಾಗ ಅದು ಬೆಳಗುತ್ತದೆ. ಕತ್ತಿನ ಸುತ್ತಲಿನ ತಾಮ್ರದ ಸುರುಳಿಗಳು ಈ ಧಾರೆಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಉಳುವವನು ಸಾಲು ಹೊಡೆದಂತೆ ಓಡಿಸುತ್ತವೆ. ಕೊನೆಯ ಸಾಲು ಮುಗಿದ ಕೂಡಲೇ ಮತ್ತೆ ಮೊದಲ ಸಾಲಿನಿಂದ ಆರಂಭ. ಈ ಕೆಲಸ ಒಂದು ಸೆಕೆಂಡಿಗೆ 60 ಸಲವೋ, 75 ಸಲವೋ, 85 ಸಲವೋ ನಡೆಯುತ್ತದೆ.

ಕೆಂಪಿನ ಧಾರೆ ಹಸಿರಿನ ಚುಕ್ಕೆಗೆ ಬಡಿಯಬಾರದಲ್ಲ? ಅದಕ್ಕಾಗಿ ಪರದೆಯ ಹಿಂದೆ ಲಕ್ಷಾಂತರ ರಂಧ್ರಗಳಿರುವ ತೆಳುವಾದ ಲೋಹದ ಜರಡಿಯೊಂದನ್ನು ಇಟ್ಟಿರುತ್ತಾರೆ. ಪ್ರತಿ ಧಾರೆಯೂ ತನ್ನ ಕೋನದಿಂದ ರಂಧ್ರ ದಾಟಿ ತನ್ನ ಬಣ್ಣದ ಚುಕ್ಕೆಗೆ ಮಾತ್ರ ಬೀಳುತ್ತದೆ. ಇದೇ ಷ್ಯಾಡೋ ಮಾಸ್ಕ್. ಮಾನಿಟರಿನ ಗುಣ ಬಹುಮಟ್ಟಿಗೆ ಈ ಜರಡಿಯ ನಯದ ಮೇಲೂ, ಧಾರೆಯನ್ನು ಓಡಿಸುವ ಸರ್ಕ್ಯೂಟಿನ ಕಸುವಿನ ಮೇಲೂ ನಿಂತಿದೆ.

ಮೊದಲನೆಯ ಅಳತೆ: ಗಾತ್ರ

ಮಾನಿಟರಿನ ಗಾತ್ರವನ್ನು ಮೂಲೆಯಿಂದ ಮೂಲೆಗೆ ಇಂಚಿನಲ್ಲಿ ಹೇಳುತ್ತಿದ್ದರು. ಇಲ್ಲಿಯೇ ಕೊಳ್ಳುವವರಿಗೆ ಮೊದಲ ಗೊಂದಲ. 15 ಇಂಚು ಎಂದರೆ ಗಾಜಿನ ಬುರುಡೆಯ ಅಳತೆಯೇ ಹೊರತು ಕಾಣುವ ಚಿತ್ರದ ಅಳತೆಯಲ್ಲ. ಅಂಚುಗಳು ಪ್ಲಾಸ್ಟಿಕ್ ಚೌಕಟ್ಟಿನ ಹಿಂದೆ ಅಡಗಿರುವುದರಿಂದ ಕಾಣುವ ಚಿತ್ರ ಹೆಚ್ಚೆಂದರೆ 13.8 ಇಂಚು. 14 ಇಂಚಿನದರಲ್ಲಿ ಸುಮಾರು 13, 17 ಇಂಚಿನದರಲ್ಲಿ ಸುಮಾರು 16 ಇಂಚು. ಅಮೆರಿಕದಲ್ಲಿ ಈ ವಿಚಾರ 1990ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಆ ಬಳಿಕ ಜಾಹೀರಾತುಗಳಲ್ಲಿ ಕಾಣುವ ಅಳತೆಯನ್ನೂ ನಮೂದಿಸುವ ರೂಢಿ ಬಂತು. ಸಿಪ್ಪೆಯ ತೂಕ ಸೇರಿಸಿ ಅಡಿಕೆಯ ತೂಕ ಹೇಳಿದಂತಾಗಿತ್ತು ಎಂದರೆ ನಮ್ಮವರಿಗೆ ಸುಲಭವಾಗಿ ಅರ್ಥವಾದೀತು.

ಆದ್ದರಿಂದ ಹಳೆಯ ಮಾನಿಟರನ್ನು ನೋಡುವಾಗ ಚೀಟಿಯ ಮೇಲಿನ ಸಂಖ್ಯೆಯನ್ನು ನಂಬದೆ, ಕಾಣುವ ಗಾಜನ್ನು ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆಯುವುದು ಒಳ್ಳೆಯದು. ಹಾಗೆಯೇ ಗಾತ್ರ ಏರಿದಂತೆ ಭಾರವೂ ಏರುತ್ತದೆ. 15 ಇಂಚಿನದು ಸುಮಾರು 12ರಿಂದ 14 ಕಿಲೋ, 17 ಇಂಚಿನದು ಸುಮಾರು 16ರಿಂದ 18 ಕಿಲೋ. ಈ ಭಾರದಲ್ಲಿ ಹೆಚ್ಚಿನ ಪಾಲು ಗಾಜಿನದು.

ಎರಡನೆಯ ಅಳತೆ: ಚುಕ್ಕೆಯ ಅಂತರ

ಜರಡಿಯ ರಂಧ್ರಗಳು ಎಷ್ಟು ಹತ್ತಿರ ಹತ್ತಿರ ಇವೆ ಎಂಬುದೇ ಡಾಟ್ ಪಿಚ್. ಒಂದು ಬಣ್ಣದ ಚುಕ್ಕೆಯಿಂದ ಅದೇ ಬಣ್ಣದ ಪಕ್ಕದ ಚುಕ್ಕೆಗೆ ಇರುವ ದೂರವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಅಕ್ಷರ ಸ್ಪಷ್ಟ. ತೀರಾ ಅಗ್ಗದ 14 ಇಂಚಿನ ಮಾನಿಟರುಗಳಲ್ಲಿ ಇದು 0.39 ಮಿ.ಮೀ. ಇರುತ್ತಿತ್ತು. ಸಾಧಾರಣವಾಗಿ ಒಪ್ಪಬಹುದಾದದ್ದು 0.28. ಒಳ್ಳೆಯವುಗಳಲ್ಲಿ 0.25 ಅಥವಾ ಅದಕ್ಕಿಂತ ಕಡಿಮೆ.

ಈ ಸಂಖ್ಯೆಯ ಉಪಯೋಗವನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. 0.28 ಎಂಬುದು ಸಾಮಾನ್ಯವಾಗಿ ಓರೆಯಾಗಿ ಅಳೆದ ದೂರ. ಅದನ್ನೇ ಅಡ್ಡಲಾಗಿ ಅಳೆದರೆ ಸುಮಾರು 0.24 ಆಗುತ್ತದೆ. 15 ಇಂಚಿನ ಮಾನಿಟರಿನಲ್ಲಿ ಕಾಣುವ ಚಿತ್ರದ ಅಗಲ ಸುಮಾರು 280 ಮಿ.ಮೀ. 280ನ್ನು 0.24ರಿಂದ ಭಾಗಿಸಿದರೆ ಅಡ್ಡ ಸಾಲಿನಲ್ಲಿ ಸುಮಾರು 1,160 ಚುಕ್ಕೆಗುಂಪುಗಳು ಸಿಗುತ್ತವೆ. ಕಂಪ್ಯೂಟರ್ ಒಂದು ಸಾಲಿಗೆ 1,024 ಬಿಂದುಗಳನ್ನು ಕಳುಹಿಸಿದರೆ ಅವೆಲ್ಲಕ್ಕೂ ಜಾಗವಿದೆ, ಆದರೆ ಹೆಚ್ಚು ಮಿಗುವುದಿಲ್ಲ. 14 ಇಂಚಿನ, 0.39ರ ಮಾನಿಟರಿನಲ್ಲಿ ಇದೇ ಲೆಕ್ಕ ಮಾಡಿದರೆ ಸಿಗುವುದು ಸುಮಾರು 780 ಗುಂಪುಗಳು ಮಾತ್ರ. ಅದಕ್ಕೆ 640 ಬಿಂದುಗಳ ಚಿತ್ರ ಸರಿ. 800 ಬಿಂದು ಕೊಟ್ಟರೆ ಅಕ್ಷರಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಕೆಲವು ಜಾಹೀರಾತುಗಳಲ್ಲಿ ಓರೆ ಅಳತೆಯ ಬದಲು ಅಡ್ಡ ಅಳತೆಯನ್ನು ಮಾತ್ರ ದಪ್ಪಕ್ಷರದಲ್ಲಿ ಕೊಡುತ್ತಿದ್ದರು. "0.24" ಎಂದು ಬರೆದ ಮಾನಿಟರೂ "0.28" ಎಂದು ಬರೆದ ಮಾನಿಟರೂ ನಿಜದಲ್ಲಿ ಒಂದೇ ಜರಡಿಯವಾಗಿರಬಹುದಿತ್ತು. ಹೋಲಿಸುವಾಗ ಎರಡೂ ಒಂದೇ ಬಗೆಯ ಅಳತೆಯೇ ಎಂದು ವಿಚಾರಿಸದೆ ತೀರ್ಮಾನಿಸಬಾರದು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಅಳತೆ ಇನ್ನೂ ಮುಖ್ಯ. ಇಂಗ್ಲಿಷಿನ ಅಕ್ಷರ ಒಂದೇ ಅಂತಸ್ತಿನ ಮನೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಮೇಲೆ ಒತ್ತು. "ಬರಹ" ಅಥವಾ "ನುಡಿ" ತಂತ್ರಾಂಶದಲ್ಲಿ ಸದಸ್ಯರ ಹೆಸರುಗಳ ಪಟ್ಟಿಯನ್ನು ಟೈಪು ಮಾಡಿದವರಿಗೆ ಇದು ಗೊತ್ತಿರುತ್ತದೆ. ಒರಟು ಜರಡಿಯ ಪರದೆಯಲ್ಲಿ "ಲಕ್ಷ್ಮಿ" ಎಂಬ ಹೆಸರಿನ ಒತ್ತುಗಳು ಬರಿಯ ಮಸಿಯ ಗುರುತಿನಂತೆ ಕಾಣುತ್ತವೆ. ಗುಮಾಸ್ತನು ಊಹೆಯಿಂದ ಓದಿ ಖಾತೆಗೆ ಹಣ ಏರಿಸುವ ಪರಿಸ್ಥಿತಿ ಬಂದರೆ ಅದು ಮಾನಿಟರಿನ ಪ್ರಶ್ನೆಯಾಗಿ ಉಳಿಯುವುದಿಲ್ಲ, ಸದಸ್ಯರ ಹಣದ ಪ್ರಶ್ನೆಯಾಗುತ್ತದೆ.

ಮೂರನೆಯ ಅಳತೆ: ಸಾಲಿನ ವೇಗ

ಇದು ಹೆಚ್ಚಿನವರು ಗಮನಿಸದೆ ಬಿಟ್ಟ, ಆದರೆ ಕಣ್ಣಿಗೆ ಅತ್ಯಂತ ಹತ್ತಿರದ ಅಳತೆ. ಚಿತ್ರವನ್ನು ಸೆಕೆಂಡಿಗೆ 60 ಸಲ ಬರೆದರೆ ಅನೇಕರ ಕಣ್ಣಿಗೆ ಪರದೆ ಮಿಣುಕಿದಂತೆ ಭಾಸವಾಗುತ್ತದೆ. ದಿನವೆಲ್ಲ ಅದರ ಮುಂದೆ ಕುಳಿತವರಿಗೆ ಸಂಜೆ ತಲೆನೋವು, ಕಣ್ಣುರಿ. 75 ಸಲವಾದರೆ ಬಹುಮಂದಿಗೆ ತೊಂದರೆಯಿಲ್ಲ. 85 ಸಲವಾದರೆ ಚಿತ್ರ ನಿಂತ ನೀರಿನಂತೆ ಸ್ಥಿರ. ಸ್ವೀಡನ್ನಿನ ನೌಕರರ ಒಕ್ಕೂಟವೊಂದು ತನ್ನ ಸದಸ್ಯರ ಆರೋಗ್ಯಕ್ಕಾಗಿ ಟಿಸಿಒ ಎಂಬ ಗುಣಮುದ್ರೆಯನ್ನು 1992ರಲ್ಲಿ ಆರಂಭಿಸಿತು. ಅದರ 1999ರ ಆವೃತ್ತಿ 85 ಸಲವನ್ನೇ ಕಡ್ಡಾಯ ಮಾಡಿತು. ದುಡಿಯುವವರು ಸಂಘಟಿತರಾಗಿ ಕೇಳಿದ್ದರಿಂದ ತಯಾರಕರು ಬದಲಾದದ್ದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಮಾನಿಟರಿಗೆ ಈ ಶಕ್ತಿಯಿದೆಯೇ ಎಂದು ತಿಳಿಯುವುದು ಹೇಗೆ? ಸೆಕೆಂಡಿಗೆ ಒಟ್ಟು ಎಷ್ಟು ಸಾಲು ಎಳೆಯಬಲ್ಲದು ಎಂಬುದನ್ನು ಕಿಲೋಹರ್ಟ್ಸ್ ಎಂಬ ಮಾನದಲ್ಲಿ ಕೈಪಿಡಿಯಲ್ಲಿ ನಮೂದಿಸಿರುತ್ತಾರೆ. ಲೆಕ್ಕ ಹೀಗಿದೆ. 1024×768ರ ಚಿತ್ರಕ್ಕೆ 768 ಸಾಲುಗಳು. ಧಾರೆ ಕೆಳಗಿನಿಂದ ಮೇಲಕ್ಕೆ ಹಿಂದಿರುಗುವ ಸಮಯವೂ ಸೇರಿ 800 ಸಾಲು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 75 ಸಲ ಎಂದರೆ 800×75, ಅಂದರೆ 60,000 ಸಾಲು. ಇದೇ 60 ಕಿಲೋಹರ್ಟ್ಸ್. ಇದರಂತೆ:

640×480, 60 ಸಲ: 31.5 ಕಿಲೋಹರ್ಟ್ಸ್
800×600, 75 ಸಲ: 46.9 ಕಿಲೋಹರ್ಟ್ಸ್
800×600, 85 ಸಲ: 53.7 ಕಿಲೋಹರ್ಟ್ಸ್
1024×768, 60 ಸಲ: 48.4 ಕಿಲೋಹರ್ಟ್ಸ್
1024×768, 75 ಸಲ: 60.0 ಕಿಲೋಹರ್ಟ್ಸ್
1024×768, 85 ಸಲ: 68.7 ಕಿಲೋಹರ್ಟ್ಸ್

ಅಗ್ಗದ 15 ಇಂಚಿನ ಮಾನಿಟರುಗಳಲ್ಲಿ "30ರಿಂದ 54 ಕಿಲೋಹರ್ಟ್ಸ್" ಎಂದೂ, ಅಗ್ಗದ 17 ಇಂಚಿನವುಗಳಲ್ಲಿ "30ರಿಂದ 70 ಕಿಲೋಹರ್ಟ್ಸ್" ಎಂದೂ ಇರುವುದು ಸಾಮಾನ್ಯವಾಗಿತ್ತು. ಈಗ ಪಟ್ಟಿಯ ಪಕ್ಕದಲ್ಲಿ ಇವನ್ನಿಟ್ಟು ನೋಡಿ. 54ರ ಮಾನಿಟರು 800×600ರಲ್ಲಿ 85 ಸಲ ಚೆನ್ನಾಗಿ ಓಡುತ್ತದೆ. ಅದೇ ಮಾನಿಟರಿಗೆ 1024×768 ಕೊಟ್ಟರೆ 60 ಸಲಕ್ಕೆ ನಿಂತುಬಿಡುತ್ತದೆ, ಮಿಣುಕಾಟ ಶುರುವಾಗುತ್ತದೆ. ಪೆಟ್ಟಿಗೆಯ ಮೇಲೆ "1024×768" ಎಂದೂ "85" ಎಂದೂ ಎರಡೂ ಅಚ್ಚಾಗಿದ್ದರೂ ಅವೆರಡೂ ಒಟ್ಟಿಗೆ ಸಿಗುವುದಿಲ್ಲ. 70ರ ಮಾನಿಟರಿನಲ್ಲಿ ಒಟ್ಟಿಗೆ ಸಿಗುತ್ತವೆ. ಎರಡು ಮಾನಿಟರುಗಳ ನಡುವಿನ ಬೆಲೆಯ ವ್ಯತ್ಯಾಸಕ್ಕೆ ದೊಡ್ಡ ಕಾರಣ ಇದೇ ಆಗಿತ್ತು.

ಇನ್ನೂ ಹಳೆಯ 14 ಇಂಚಿನ ಕೆಲವು ಮಾನಿಟರುಗಳು 35.5 ಕಿಲೋಹರ್ಟ್ಸಿನಲ್ಲೇ 1024×768 ತೋರಿಸುತ್ತೇವೆ ಎನ್ನುತ್ತಿದ್ದವು. ಅವು ಒಂದು ಸಲ ಬೆಸ ಸಾಲು, ಇನ್ನೊಂದು ಸಲ ಸಮ ಸಾಲು ಬರೆದು ದಾಟಿಸುತ್ತಿದ್ದವು. "87 ಸಲ" ಎಂದು ಹೇಳಿದರೂ ಪೂರ್ಣ ಚಿತ್ರ ಬರುತ್ತಿದ್ದುದು 43 ಸಲ ಮಾತ್ರ. ಟಿವಿಯಲ್ಲಿ ಇದು ನಡೆಯುತ್ತದೆ. ಅಂಕಿಗಳ ಪಟ್ಟಿಯನ್ನು ಓದುವ ಕೆಲಸಕ್ಕೆ ನಡೆಯುವುದಿಲ್ಲ.

ಜರಡಿಯ ಜಾತಿಗಳು

ದುಂಡು ರಂಧ್ರದ ಷ್ಯಾಡೋ ಮಾಸ್ಕ್ ಅಗ್ಗವಾದದ್ದು, ಎಲ್ಲೆಡೆ ಬಳಕೆಯಲ್ಲಿದ್ದದ್ದು. ಪರದೆ ಸಾಮಾನ್ಯವಾಗಿ ಉಬ್ಬಿಕೊಂಡಿರುತ್ತದೆ. ಅಕ್ಷರದ ಕೆಲಸಕ್ಕೆ ಸಾಕಷ್ಟು ಒಳ್ಳೆಯದು.

ಸೋನಿ ಸಂಸ್ಥೆ 1968ರಲ್ಲಿ ಟ್ರಿನಿಟ್ರಾನ್ ಎಂಬ ಬೇರೆ ಬಗೆಯನ್ನು ತಂದಿತು. ಇದರಲ್ಲಿ ರಂಧ್ರಗಳ ಬದಲು ಮೇಲಿನಿಂದ ಕೆಳಕ್ಕೆ ಬಿಗಿದ ಸಣ್ಣ ತಂತಿಗಳ ಸಾಲು. ಹೆಚ್ಚು ಎಲೆಕ್ಟ್ರಾನುಗಳು ದಾಟುವುದರಿಂದ ಚಿತ್ರ ಹೊಳಪಾಗಿರುತ್ತದೆ. ಮಿತ್ಸುಬಿಷಿಯವರ ಡೈಮಂಡ್‌ಟ್ರಾನ್ ಕೂಡ ಇದೇ ಬಗೆಯದು. ತಂತಿಗಳು ಅದುರದಂತೆ ಅಡ್ಡಲಾಗಿ ಒಂದೋ ಎರಡೋ ಎಳೆ ಕಟ್ಟಿರುತ್ತಾರೆ. ಬಿಳಿಯ ಪುಟವನ್ನು ತೆರೆದರೆ ಪರದೆಗೆ ಅಡ್ಡಲಾಗಿ ಕೂದಲೆಳೆಯಂಥ ಮಸುಕು ಗೆರೆ ಕಾಣುವುದು ಇದರಿಂದಲೇ. ಅದು ದೋಷವಲ್ಲ, ಜಾತಿಯ ಗುರುತು. ಇವುಗಳ ತಂತಿಯ ಅಂತರವನ್ನು ಅಡ್ಡಲಾಗಿಯೇ ಅಳೆಯುವುದರಿಂದ ಇವುಗಳ 0.25ನ್ನು ಷ್ಯಾಡೋ ಮಾಸ್ಕಿನ 0.25ರ ಜೊತೆ ನೇರವಾಗಿ ಹೋಲಿಸಲಾಗದು.

ಮೂರನೆಯದು ಉದ್ದುದ್ದ ಸೀಳುರಂಧ್ರಗಳ ಜರಡಿ. ಎಲ್‌ಜಿಯವರ ಫ್ಲಾಟ್ರಾನ್ ಮಾನಿಟರುಗಳಲ್ಲಿ ಇಂಥ ಜರಡಿಯನ್ನು ಬಿಗಿದು, ಗಾಜನ್ನು ಚಪ್ಪಟೆಯಾಗಿಸಿದ್ದರು. ಚಪ್ಪಟೆ ಗಾಜಿನ ಮುಖ್ಯ ಲಾಭವೆಂದರೆ ಕಿಟಕಿಯ ಬೆಳಕು ಪರದೆಯ ಮೇಲೆ ಕಡಿಮೆ ಪ್ರತಿಫಲಿಸುವುದು.

ಹಳೆಯದನ್ನು ಪರೀಕ್ಷಿಸುವ ಬಗೆ

ಕಾಗದದ ಮೇಲಿನ ಅಳತೆಗಳು ಹೊಸ ಮಾನಿಟರಿಗೆ. ಇಪ್ಪತ್ತು ವರ್ಷ ಕಳೆದ ಮಾನಿಟರಿನಲ್ಲಿ ಟ್ಯೂಬು ಎಷ್ಟು ಸವೆದಿದೆ ಎಂಬುದೇ ಮುಖ್ಯ. ನಮ್ಮ ಮಳೆಗಾಲದ ಥಂಡಿಯಲ್ಲಿ ಅಟ್ಟದಲ್ಲಿದ್ದದ್ದನ್ನು ಇಳಿಸಿದ ದಿನವೇ ಕರೆಂಟಿಗೆ ಜೋಡಿಸಬಾರದು. ಕೆಲವು ದಿನ ಒಣ ಕೋಣೆಯಲ್ಲಿಟ್ಟು, ಗಾಳಿಕಿಂಡಿಗಳಲ್ಲಿ ಇರುವೆ, ಹಲ್ಲಿ, ಜೇಡರ ಬಲೆ ಇಲ್ಲವೆಂದು ನೋಡಿದ ಬಳಿಕವೇ ಸ್ವಿಚ್ಚು ಹಾಕಬೇಕು. ಚಟಚಟ ಸದ್ದು ನಿಲ್ಲದಿದ್ದರೆ, ಸುಟ್ಟ ವಾಸನೆ ಬಂದರೆ ತಕ್ಷಣ ಆರಿಸಿ ಪ್ಲಗ್ ಕೀಳಬೇಕು.

ಸುಸ್ಥಿತಿಯಲ್ಲಿ ಹೊತ್ತಿಕೊಂಡರೆ ಕಾಲು ಗಂಟೆ ಬಿಸಿಯಾಗಲು ಬಿಟ್ಟು ಈ ಕೆಳಗಿನವುಗಳನ್ನು ಗಮನಿಸಿ.

ಮೊದಲನೆಯದಾಗಿ ಬೆಳಕು. ಹೊಳಪಿನ ಗುಂಡಿಯನ್ನು ಅರ್ಧಕ್ಕಿಟ್ಟಾಗ ಬಿಳಿ ಪುಟ ಬಿಳಿಯಾಗಿ ಕಾಣಬೇಕು. ಪೂರ್ತಿ ಏರಿಸಿದರೂ ಮಂಕಾಗಿದ್ದರೆ ಟ್ಯೂಬಿನ ಆಯುಷ್ಯ ಮುಗಿದಿದೆ. ಅದಕ್ಕೆ ರಿಪೇರಿ ಮಾಡಿಸುವುದು ಸತ್ತ ಬಳ್ಳಿಗೆ ಗೊಬ್ಬರ ಹಾಕಿದಂತೆ.

ಎರಡನೆಯದಾಗಿ ಬಣ್ಣದ ಕಲೆ. ಬಿಳಿ ಪುಟದ ಮೂಲೆಯಲ್ಲಿ ನೇರಳೆಯೋ ಹಸಿರೋ ಮಚ್ಚೆ ಕಂಡರೆ ಜರಡಿ ಅಯಸ್ಕಾಂತದ ಪ್ರಭಾವಕ್ಕೆ ಸಿಕ್ಕಿದೆ. ಸ್ಪೀಕರ್, ಸ್ಟೆಬಿಲೈಸರ್ ಹತ್ತಿರವಿದ್ದರೆ ದೂರ ಸರಿಸಿ. ಪಟ್ಟಿಯಲ್ಲಿ "ಡಿಗಾಸ್" ಎಂಬ ಗುಂಡಿಯಿದ್ದರೆ ಒತ್ತಿ. ಬಹುಪಾಲು ಕಲೆಗಳು ಹೋಗುತ್ತವೆ. ಪಂಪಿನ ಮೋಟಾರು ಪಕ್ಕದ ಕೋಣೆಯಲ್ಲಿದ್ದು ಅದು ಓಡುವಾಗ ಮಾತ್ರ ಚಿತ್ರ ಅಲುಗಿದರೆ ಮಾನಿಟರಿನದು ತಪ್ಪಿಲ್ಲ, ಜಾಗ ಬದಲಿಸಿದರೆ ಸಾಕು.

ಮೂರನೆಯದಾಗಿ ಬಣ್ಣಗಳ ಕೂಡಿಕೆ. ಬಿಳಿ ಗೆರೆಗಳ ಚೌಕುಳಿಯನ್ನು ಕಪ್ಪು ಹಿನ್ನೆಲೆಯಲ್ಲಿ ತೆರೆಯಿರಿ. ಗೆರೆಯ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಅಂಚು ಕಂಡರೆ ಮೂರು ಧಾರೆಗಳು ಒಂದೆಡೆ ಸೇರುತ್ತಿಲ್ಲ. ಮೂಲೆಗಳಲ್ಲಿ ಸ್ವಲ್ಪ ಇದ್ದರೆ ಕ್ಷಮ್ಯ, ನಡುವೆ ಇದ್ದರೆ ಬೇಡ.

ನಾಲ್ಕನೆಯದಾಗಿ ಚಿತ್ರದ ಉಸಿರಾಟ. ಕಪ್ಪು ಪುಟದಿಂದ ಬಿಳಿ ಪುಟಕ್ಕೆ ಬದಲಿಸಿದಾಗ ಚಿತ್ರ ಹಿಗ್ಗಿ ಕುಗ್ಗಿದರೆ ಒಳಗಿನ ಹೈ ವೋಲ್ಟೇಜ್ ಭಾಗ ದುರ್ಬಲವಾಗಿದೆ ಎಂದರ್ಥ. ಅಗ್ಗದ ಮಾನಿಟರುಗಳ ನಡುವೆ ನಿಜವಾದ ಗಟ್ಟಿತನವನ್ನು ತೋರಿಸುವ ಪರೀಕ್ಷೆ ಇದು.

ಐದನೆಯದಾಗಿ ಸುಟ್ಟ ನೆರಳು. ಆರಿಸಿದ ಪರದೆಯನ್ನು ಓರೆಯಾಗಿ ನೋಡಿದಾಗ ಹಳೆಯ ಬಿಲ್ಲಿನ ಪಟ್ಟಿಯ ನೆರಳು ಗಾಜಿನ ಮೇಲೆ ಕಂಡರೆ ಅದು ವರ್ಷಾನುಗಟ್ಟಲೆ ಒಂದೇ ಚಿತ್ರ ತೋರಿಸಿ ದುಡಿದ ಮಾನಿಟರು. ಕೊಳ್ಳಬೇಡಿ.

ಕರೆಂಟಿನ ಲೆಕ್ಕ

15 ಇಂಚಿನ ಸಿಆರ್‌ಟಿ ಸುಮಾರು 70 ವಾಟ್ ತೆಗೆದುಕೊಳ್ಳುತ್ತದೆ. ಇಂದಿನ 18-19 ಇಂಚಿನ ಚಪ್ಪಟೆ ಎಲ್‌ಇಡಿ ಮಾನಿಟರಿಗೆ 20 ವಾಟ್ ಸಾಕು. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ ಮೊದಲನೆಯದು 168 ಯೂನಿಟ್, ಎರಡನೆಯದು 48 ಯೂನಿಟ್. ವ್ಯತ್ಯಾಸ 120 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 840 ರೂಪಾಯಿ, ಮೂರು ವರ್ಷಕ್ಕೆ 2,520 ರೂಪಾಯಿ. ಇದಲ್ಲದೆ ಕರೆಂಟು ಹೋದಾಗ ಯುಪಿಎಸ್ ಮೇಲಿನ ಹೊರೆಯೂ ಮೂರು ಪಟ್ಟಿಗಿಂತ ಹೆಚ್ಚು. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಆದ್ದರಿಂದ ತೋಟದ ಲೆಕ್ಕಕ್ಕೋ ಮಕ್ಕಳ ಕಲಿಕೆಗೋ ಸಿಆರ್‌ಟಿಯನ್ನು ಹಣ ಕೊಟ್ಟು ತರುವುದು, ಅದು ಎಷ್ಟೇ ಅಗ್ಗವಾಗಿರಲಿ, ಲಾಭದ ವ್ಯವಹಾರವಲ್ಲ. ಬಳಸಿದ ಚಪ್ಪಟೆ ಮಾನಿಟರನ್ನು ವಿಚಾರಿಸುವುದು ಲೇಸು.

ಯಾವುದನ್ನು ಇಡಬೇಕು, ಯಾವುದನ್ನು ಕಳೆಯಬೇಕು?

ಅಟ್ಟದಲ್ಲಿರುವುದನ್ನು ಮೂರು ರಾಶಿ ಮಾಡಬಹುದು. 17 ಇಂಚು ಮತ್ತು ಮೇಲ್ಪಟ್ಟ, ಚಪ್ಪಟೆ ಗಾಜಿನ, ತಂತಿ ಅಥವಾ ಸೀಳು ಜರಡಿಯ, 70 ಕಿಲೋಹರ್ಟ್ಸಿಗೆ ಕಡಿಮೆಯಿಲ್ಲದ, ಮೇಲಿನ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮಾನಿಟರು ಮೊದಲ ರಾಶಿ. ಹಳೆಯ ಕಂಪ್ಯೂಟರ್ ಆಟಗಳನ್ನು ಆಡುವ ಹವ್ಯಾಸಿಗಳು ಇಂಥದ್ದನ್ನು ನಿಜಕ್ಕೂ ಹುಡುಕುತ್ತಾರೆ. ವೇಗವಾಗಿ ಓಡುವ ಚಿತ್ರ ಸಿಆರ್‌ಟಿಯಲ್ಲಿ ತಡವಿಲ್ಲದೆ, ಮಸುಕಾಗದೆ ಕಾಣುವುದೇ ಕಾರಣ. ಸದಸ್ಯರೊಬ್ಬರ ಮಗ ಹೇಳಿದ ಮಾತು ಆ ಮಟ್ಟಿಗೆ ಸರಿ. ಆದರೆ 16-18 ಕಿಲೋ ಭಾರದ ಗಾಜನ್ನು ಸಾಗಿಸುವ ಖರ್ಚನ್ನು ಕಳೆದೇ ಲಾಭದ ಮಾತಾಡಬೇಕು.

ಎರಡನೆಯ ರಾಶಿ ಸುಸ್ಥಿತಿಯಲ್ಲಿರುವ 15 ಇಂಚಿನವು. ಹಳೆಯ ಲೆಕ್ಕದ ತಂತ್ರಾಂಶ ಇನ್ನೂ ಹಳೆಯ ಕಂಪ್ಯೂಟರಿನಲ್ಲೇ ಇದ್ದು, ಅದನ್ನು ಆಗೊಮ್ಮೆ ಈಗೊಮ್ಮೆ ತೆರೆಯಬೇಕಾದವರು 800×600, 85 ಸಲಕ್ಕೆ ಹೊಂದಿಸಿ ಬಳಸಿಕೊಳ್ಳಬಹುದು. ಉಳಿದದ್ದೆಲ್ಲ, ಅಂದರೆ 14 ಇಂಚಿನವು, ಮಂಕಾದವು, ಬಿರುಕು ಬಿಟ್ಟವು, ಮೂರನೆಯ ರಾಶಿ. ಇವುಗಳಿಂದ ಇನ್ನು ಉಪಯೋಗವಿಲ್ಲ. ಕಳೆಯಲೇಬೇಕು. ಹೇಗೆ ಕಳೆಯಬೇಕು ಎಂಬುದೇ ಮುಂದಿನ ವಿಚಾರ.

ಗಾಜಿನೊಳಗಿನ ಸೀಸ

ಟ್ಯೂಬಿನೊಳಗೆ ಎಲೆಕ್ಟ್ರಾನುಗಳು ರಭಸದಿಂದ ಬಡಿಯುವಾಗ ಸ್ವಲ್ಪ ಎಕ್ಸ್-ಕಿರಣ ಹುಟ್ಟುತ್ತದೆ. ಅದು ಹೊರಬರದಂತೆ ತಡೆಯಲು ಆಲಿಕೆಯ ಭಾಗದ ಗಾಜಿನಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚು ಸೀಸದ ಆಕ್ಸೈಡ್ ಬೆರೆಸಿರುತ್ತಾರೆ. ಕತ್ತಿನ ಗಾಜಿನಲ್ಲಿ ಇನ್ನೂ ಹೆಚ್ಚು. ಒಂದು ಮಾನಿಟರಿನಲ್ಲಿ ಒಟ್ಟು ಸೀಸ ಕಿಲೋಗಳ ಲೆಕ್ಕದಲ್ಲಿರುತ್ತದೆ. ಗಾಜು ಇಡಿಯಾಗಿರುವವರೆಗೆ ಈ ಸೀಸ ನಮ್ಮನ್ನು ಕಾಯುತ್ತದೆ. ಒಡೆದು ಪುಡಿಯಾದ ದಿನದಿಂದ ಅದೇ ಸೀಸ ನಮಗೆ ವಿರೋಧಿ.

ಗುಜರಿಯವರಿಗೆ ಗಾಜಿನಿಂದ ಏನೂ ಲಾಭವಿಲ್ಲ. ಅವರಿಗೆ ಬೇಕಾದ್ದು ಕತ್ತಿನ ಸುತ್ತಲಿನ ತಾಮ್ರದ ಸುರುಳಿ ಮತ್ತು ವಯರುಗಳು. ಆದ್ದರಿಂದ ಅನೇಕ ಕಡೆ ಕತ್ತು ಮುರಿದು ತಾಮ್ರ ಕಿತ್ತುಕೊಂಡು ಗಾಜನ್ನು ರಸ್ತೆ ಬದಿಯ ಹೊಂಡಕ್ಕೋ ಹಳ್ಳದ ದಂಡೆಗೋ ಎಸೆಯುವುದು ನಡೆಯುತ್ತದೆ. ಹಳ್ಳದ ನೀರೇ ಕೆಳಗಿನ ತೋಟಕ್ಕೆ, ಕೆರೆಗೆ, ಬಾವಿಗೆ. ನಮ್ಮ ಮಲೆನಾಡಿನ ಮಣ್ಣು ಹುಳಿ ಮಣ್ಣು ಎಂಬುದು, ಸುಣ್ಣ ಹಾಕುವ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ಹುಳಿ ಇದ್ದಲ್ಲಿ ಗಾಜಿನ ಪುಡಿಯಿಂದ ಸೀಸ ಹೆಚ್ಚು ಸುಲಭವಾಗಿ ಕರಗಿ ಹೊರಬರುತ್ತದೆ. ಸೀಸ ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎಂದು ಹೇಳಬಹುದಾದ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ನೂರು ರೂಪಾಯಿಗೆ ಮಾರಿದ ಮಾನಿಟರು ಯಾರ ಮನೆಯ ಬಾವಿಗೆ ಸೇರುತ್ತದೆ ಎಂಬುದನ್ನು ಯೋಚಿಸಿ ಕೊಡಬೇಕು.

ಮನೆಯಲ್ಲೇ ಬಿಚ್ಚುವ ಸಾಹಸವಂತೂ ಬೇಡವೇ ಬೇಡ. ಪ್ಲಗ್ ಕಿತ್ತ ಬಳಿಕವೂ ಟ್ಯೂಬಿನಲ್ಲಿ ವಿದ್ಯುತ್ತು ಉಳಿದುಕೊಂಡಿರುತ್ತದೆ. ಒಳಗೆ ಗಾಳಿಯಿಲ್ಲದ್ದರಿಂದ, ಪೆಟ್ಟು ಬಿದ್ದರೆ ಗಾಜು ಒಳಕ್ಕೆ ಕುಸಿದು ಚೂರುಗಳು ಸಿಡಿಯಬಹುದು. ತೋಟದ ಆಳುಗಳ ಕೈಯಲ್ಲೂ ಈ ಕೆಲಸ ಮಾಡಿಸಬಾರದು.

ನಮ್ಮ ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು ಮೊದಲು 2011ರಲ್ಲಿ ಪ್ರಕಟವಾಗಿ 2012ರ ಮೇ ತಿಂಗಳಿನಿಂದ ಜಾರಿಗೆ ಬಂದವು. 2016ರಲ್ಲಿ ಅವುಗಳ ಬದಲು ಹೊಸ ನಿಯಮ ಬಂತು. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವುಗಳ ಪ್ರಕಾರ ಇ-ತ್ಯಾಜ್ಯವನ್ನು ಒಡೆದು ಮರುಬಳಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ನೋಂದಾಯಿತರಿಗೇ ಕೊಡುವುದು ಸರಿಯಾದ ಮಾರ್ಗ.

ಒಂದು ಮಾನಿಟರಿಗಾಗಿ ಯಾರೂ ಅಷ್ಟು ದೂರ ಬರುವುದಿಲ್ಲ, ನಿಜ. ಒಬ್ಬರಿಂದ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಎಂಬುದಕ್ಕೇ ಸಹಕಾರ ಎಂದು ಹೆಸರು. ಮೂರನೆಯ ರಾಶಿಯ ಮಾನಿಟರುಗಳಿರುವ ಸದಸ್ಯರು ತಮ್ಮ ಹೆಸರು, ಸದಸ್ಯತ್ವ ಸಂಖ್ಯೆ, ಮಾನಿಟರುಗಳ ಸಂಖ್ಯೆಯನ್ನು ಸಂಘದ ಕಚೇರಿಯಲ್ಲಿ ಬರೆಸಬಹುದು. ಒಂದು ಗಾಡಿಗೆ ಆಗುವಷ್ಟು ಸೇರಿದ ಕೂಡಲೇ ಒಟ್ಟಿಗೆ ಕಳುಹಿಸುವ ಏರ್ಪಾಡು ಮಾಡೋಣ. ಅಲ್ಲಿಯವರೆಗೆ ಗಾಜಿನ ಮುಖವನ್ನು ಗೋಣಿಯ ಮೇಲೆ ಕೆಳಮುಖವಾಗಿಸಿ, ಮಕ್ಕಳ ಕೈಗೆ ಸಿಗದ, ಮಳೆಯ ನೀರು ಬೀಳದ ಜಾಗದಲ್ಲಿ ಇಟ್ಟಿರಬೇಕಾಗಿ ವಿನಂತಿ.

ಕಾರ್ಯದರ್ಶಿ